ಕಿವಿಯ ದಾರಿ, ಮಿದುಳಿನ ಗಡುವು

ಉಪ್ಪುಂದದ ಆಸುಪಾಸಿನಲ್ಲಿ ಕೊಯ್ಲು ಮುಗಿದ ಗದ್ದೆಗೆ ಮೇಳ ಬಂದು ರಂಗಸ್ಥಳ ಕಟ್ಟಿದ ರಾತ್ರಿ, ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ತಾಯಂದಿರ ಮಡಿಲಲ್ಲಿ ಹಸುಗೂಸುಗಳು ನಿದ್ದೆ ಹೋಗಿರುತ್ತವೆ. ಬಣ್ಣದ ವೇಷದ ಪ್ರವೇಶಕ್ಕೆ ಚೆಂಡೆ ಏರುತ್ತಿರುತ್ತದೆ. ಮಗು ಮಿಸುಕಾಡುವುದಿಲ್ಲ. "ಎಷ್ಟ್ ಪಾಪದ್ ಮಗು, ರಗಳೆಯೇ ಇಲ್ಲೆ" ಎಂದು ಪಕ್ಕದವರು ಮೆಚ್ಚಿಕೊಳ್ಳುತ್ತಾರೆ. ಹೀಗೆ ಮಲಗಿದ ಎರಡು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಒಂದರ ಮಿದುಳಿಗೆ ಚೆಂಡೆ ಮುಟ್ಟಿದೆ. ಮೊದಮೊದಲು ಬೆಚ್ಚಿಬಿದ್ದ ಆ ಮಿದುಳು, ಸದ್ದು ಮತ್ತೆ ಮತ್ತೆ ಬಂದರೂ ಕೇಡೇನೂ ಆಗದ್ದನ್ನು ಕಂಡು ಅದನ್ನು ಬದಿಗೆ ಸರಿಸಿ ನಿದ್ದೆಗೆ ಜಾರಿದೆ. ಇನ್ನೊಂದರ ಮಿದುಳಿಗೆ ಸದ್ದು ತಲುಪಿಯೇ ಇಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಗಮನಾರ್ಹ ಶ್ರವಣದೋಷ ಇರುತ್ತದೆ ಎಂಬುದು ಜಗತ್ತಿನ ಹಲವು ದೇಶಗಳ ಲೆಕ್ಕ. ಪರೀಕ್ಷೆ ಮಾಡಿಸದಿದ್ದರೆ ಮನೆಯವರಿಗೆ ಅದು ಗೊತ್ತಾಗುವುದು ಸಾಮಾನ್ಯವಾಗಿ ಮಗು ಮಾತಾಡಬೇಕಾದ ವಯಸ್ಸು ದಾಟಿದ ಮೇಲೆ. ಆಗಲೂ "ಗಂಡ್ ಹುಡ್ರ್ ಮಾತಾಡುದ್ ತಡವೇ" ಎಂಬ ಹಿರಿಯರ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆಯುತ್ತದೆ. ಆ ವರ್ಷ ಯಾಕೆ ಅಷ್ಟು ದುಬಾರಿ ಎಂಬುದು ಕಿವಿಯೊಂದನ್ನೇ ನೋಡಿದರೆ ತಿಳಿಯುವುದಿಲ್ಲ. ಇಂದ್ರಿಯಗಳು ತಂದುಕೊಟ್ಟದ್ದನ್ನು ನರಮಂಡಲ ಏನು ಮಾಡುತ್ತದೆ ಎಂಬುದರಿಂದಲೇ ಆರಂಭಿಸಬೇಕು.

ಎಲ್ಲ ಸುದ್ದಿಗೂ ಒಂದೇ ಲಿಪಿ

ಮಡಿಕಲ್ ಕಡಲ ದಂಡೆಯಲ್ಲಿ ಬರಿಗಾಲಲ್ಲಿ ನಡೆಯುವಾಗ ಒಡೆದ ಚಿಪ್ಪೊಂದು ಅಂಗಾಲಿಗೆ ಚುಚ್ಚಿತೆನ್ನಿ. ಅಲ್ಲಿಂದ ಮೂರು ಸುದ್ದಿಗಳು ಒಟ್ಟಿಗೇ ಹೊರಡುತ್ತವೆ, ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ. ಏನೋ ತಾಗಿತು ಎಂಬ ಸ್ಪರ್ಶದ ಸುದ್ದಿ ದಪ್ಪನೆಯ ನರತಂತುಗಳಲ್ಲಿ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಚುಚ್ಚಿದ ನೋವು ಅದಕ್ಕಿಂತ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ 5ರಿಂದ 30 ಮೀಟರ್ ಸಾಗುತ್ತದೆ. ಆಮೇಲಿನ ಉರಿ ಸಾಗುವುದು ಅತಿ ತೆಳುವಾದ ತಂತುಗಳಲ್ಲಿ. ಅದರ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಮಾತ್ರ. ಆದ್ದರಿಂದಲೇ ಉರಿ ತಿಳಿಯಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಬೆನ್ನುಹುರಿ ಮಿದುಳಿನ ಅಪ್ಪಣೆಗೆ ಕಾಯದೆ ಕಾಲನ್ನು ಎತ್ತಿಸಿ ಆಗಿರುತ್ತದೆ.

ನರದ ಸುದ್ದಿಗೆ ಇಂತಿಷ್ಟು ವೇಗವಿದೆ ಎಂದು ಮೊದಲು ಅಳೆದವರು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್. 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅವರು ಕಂಡದ್ದು ಸೆಕೆಂಡಿಗೆ ಮೂವತ್ತು ಮೀಟರಿಗೂ ಕಡಿಮೆ ವೇಗ. ಅಲ್ಲಿಯತನಕ ಅದು ಅಳತೆಗೆ ಸಿಗದಷ್ಟು ವೇಗದ್ದೆಂದು ದೊಡ್ಡ ವಿಜ್ಞಾನಿಗಳೇ ನಂಬಿದ್ದರು.

ಓಡುವುದಾದರೂ ಏನು? ನರಕೋಶದ ಒಳಗೂ ಹೊರಗೂ ಇರುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಅಂತರದಿಂದ ಕೋಶದ ಪೊರೆಯಲ್ಲಿ ಸುಮಾರು 70 ಮಿಲಿವೋಲ್ಟಿನ ವಿದ್ಯುತ್ ಒತ್ತಡ ಸದಾ ಇರುತ್ತದೆ. ಚರ್ಮದಲ್ಲಿ, ಕಣ್ಣಿನಲ್ಲಿ, ಕಿವಿಯಲ್ಲಿ ಇರುವ ಗ್ರಾಹಕ ಕೋಶಗಳು ಒತ್ತಡವನ್ನೋ ಬೆಳಕನ್ನೋ ಕಂಪನವನ್ನೋ ಈ ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತವೆ. ಏರಿಳಿತ ಒಂದು ಮಿತಿ ದಾಟಿದರೆ ಸುಮಾರು ಒಂದು ಮಿಲಿಸೆಕೆಂಡಿನ ಮಿಡಿತವೊಂದು ಹುಟ್ಟಿ ತಂತುವಿನುದ್ದಕ್ಕೂ ಸಾಗುತ್ತದೆ. ಅರ್ಧ ಮಿಡಿತ, ಮುಕ್ಕಾಲು ಮಿಡಿತ ಎಂಬುದು ಇಲ್ಲ. ಬ್ರಿಟನ್ನಿನ ಎಡ್ಗರ್ ಏಡ್ರಿಯನ್ 1926ರಲ್ಲಿ ಒಂಟಿ ನರತಂತುವಿನ ಮಿಡಿತಗಳನ್ನು ದಾಖಲಿಸಿ ಎರಡು ಸಂಗತಿ ತೋರಿಸಿದರು. ಗ್ರಾಹಕದ ಮೇಲಿನ ಒತ್ತಡ ಹೆಚ್ಚಿದರೆ ಮಿಡಿತದ ಗಾತ್ರ ಹೆಚ್ಚುವುದಿಲ್ಲ, ಸಂಖ್ಯೆ ಹೆಚ್ಚುತ್ತದೆ. ಒತ್ತಡ ಒಂದೇ ಸಮ ಉಳಿದರೆ ಮಿಡಿತಗಳು ತಾವಾಗಿ ಕಡಿಮೆಯಾಗುತ್ತವೆ. 1932ರ ನೊಬೆಲ್ ಬಹುಮಾನವನ್ನು ಅವರು ಚಾರ್ಲ್ಸ್ ಶೆರಿಂಗ್ಟನ್ ಜೊತೆ ಹಂಚಿಕೊಂಡರು.

ಬೆಳಕಾಗಲಿ, ಸದ್ದಾಗಲಿ, ಮೀನುಸಾರಿನ ಖಾರವಾಗಲಿ, ಮಿದುಳಿಗೆ ಹೋಗುವುದು ಇದೇ ಮಿಡಿತ. ಖಾರ ಎಂಬುದು ನಾಲಿಗೆಯ ರುಚಿಮೊಗ್ಗುಗಳ ಕೆಲಸವೂ ಅಲ್ಲ. 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆಯುವ ಬಾಗಿಲೊಂದು ನೋವಿನ ನರಗಳ ತುದಿಯಲ್ಲಿದೆ. ಮೆಣಸಿನ ಕ್ಯಾಪ್ಸೈಸಿನ್ ಅದನ್ನೇ ತೆರೆಯುತ್ತದೆ, ಮಿದುಳು ಬಾಯಿ ಸುಟ್ಟಿತೆಂದು ತಿಳಿಯುತ್ತದೆ. ಆ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಸ್ಪರ್ಶದ ಬಾಗಿಲುಗಳನ್ನು ಗುರುತಿಸಿದ ಆರ್ಡೆಮ್ ಪಟಾಪೂಟಿಯನ್ ಅವರಿಗೆ 2021ರ ನೊಬೆಲ್ ಸಂದಿತು.

ಲಿಪಿ ಒಂದೇ ಆದಮೇಲೆ ಮಿದುಳು ಬೆಳಕು ಯಾವುದು, ಸದ್ದು ಯಾವುದು ಎಂದು ತಿಳಿಯುವುದು ಮಿಡಿತ ಬಂದ ದಾರಿಯಿಂದ. ಮುಚ್ಚಿದ ಕಣ್ಣನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕತ್ತಲಲ್ಲೂ ಬೆಳಕಿನ ಬಳೆ ಕಾಣುತ್ತದೆ. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ ಅದರ ಎರಡು ತುದಿಗಳನ್ನು ತನ್ನ ಎರಡೂ ಕಿವಿಗಳೊಳಗೆ ಇಟ್ಟು ನೋಡಿದ. ತಲೆಯೊಳಗೆ ಹೊಡೆತ ಬಿದ್ದಂತಾಗಿ, ಮಂದವಾದ ದ್ರವ ಕೊತಕೊತ ಕುದಿಯುವ ಸದ್ದು ಕೇಳಿತೆಂದು 1800ರಲ್ಲಿ ಬರೆದ. ಶ್ರವಣ ನರದ ದಾರಿಯಲ್ಲಿ ವಿದ್ಯುತ್ತು ಹರಿದರೆ ಮಿದುಳು ಅದನ್ನು ಸದ್ದೆಂದೇ ತಿಳಿಯುತ್ತದೆ. ಈ ಒಂದು ಸಂಗತಿಯ ಮೇಲೆ ಮುಂದೆ ಲಕ್ಷಾಂತರ ಮಕ್ಕಳ ಬದುಕು ನಿಂತಿತು.

ಬದಲಾವಣೆಗೆ ಮಾತ್ರ ಬೆಲೆ

ಬೆಂಗಳೂರಿನಿಂದ ಬಂದ ನೆಂಟರು ಮಳೆಗಾಲದಲ್ಲಿ ದಂಡೆಯ ಮನೆಯಲ್ಲಿ ಉಳಿದರೆ ಮೊದಲ ರಾತ್ರಿ ಅವರಿಗೆ ನಿದ್ದೆ ಹತ್ತುವುದಿಲ್ಲ, ಕಡಲು ಅಷ್ಟು ಮೊರೆಯುತ್ತಿರುತ್ತದೆ. ಮನೆಯವರಿಗೆ ಆ ಸದ್ದು ಇದೆಯೆಂದೇ ಅನ್ನಿಸುವುದಿಲ್ಲ. ಆದರೆ ನಡುರಾತ್ರಿ ಅಲೆಯ ಲಯ ಬದಲಾದರೆ, ದೋಣಿ ಕಟ್ಟಿದ ಕಡೆಯಿಂದ ಮರ ತಾಗಿದ ಸಣ್ಣ ಸದ್ದು ಬಂದರೆ, ಎಚ್ಚರಾಗುವವರು ಮನೆಯವರೇ.

ಇದು ನರಮಂಡಲದ ಮೂಲ ಗುಣ. ನಮ್ಮ ಒಂದು ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಹನ್ನೆರಡು ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಹೋಗುವ ತಂತುಗಳು ಸುಮಾರು ಹತ್ತು ಲಕ್ಷ. ಹೀಗಾಗಿ ಕಣ್ಣಿನಲ್ಲೇ ಆಯ್ಕೆ ನಡೆಯಬೇಕು. ಅಮೆರಿಕದ ಹಾಲ್ಡನ್ ಹಾರ್ಟ್‌ಲೈನ್ ಕುದುರೆ ಲಾಳದ ಆಕಾರದ ಸಮುದ್ರ ಏಡಿಯ ಕಣ್ಣನ್ನು ಪರೀಕ್ಷಿಸಿ, ಬೆಳಕು ಬಿದ್ದ ಕೋಶ ತನ್ನ ಪಕ್ಕದ ಕೋಶಗಳನ್ನು ಅದುಮುತ್ತದೆ ಎಂದು ತೋರಿಸಿದರು. ಎಲ್ಲೆಡೆ ಸಮನಾಗಿ ಬೆಳಕಿದ್ದರೆ ಎಲ್ಲ ಕೋಶಗಳೂ ಒಂದನ್ನೊಂದು ಅದುಮಿ ಸುದ್ದಿ ಮಂಕಾಗುತ್ತದೆ. ಬೆಳಕು, ನೆರಳು ಕೂಡುವ ಅಂಚಿನಲ್ಲಿ ಮಾತ್ರ ಸುದ್ದಿ ಜೋರಾಗುತ್ತದೆ. ಈ ಕೆಲಸಕ್ಕೆ 1967ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಕಿವಿಯ ವಿಷಯದಲ್ಲಿ ಇದನ್ನು ಮಿದುಳಿನ ಮಟ್ಟದಲ್ಲೇ ಕಂಡವರು ಫಿನ್‌ಲ್ಯಾಂಡಿನ ರಿಸ್ಟೊ ನ್ಯಾಟನೆನ್. ಒಂದೇ ಬಗೆಯ ಸದ್ದನ್ನು ಮತ್ತೆ ಮತ್ತೆ ಕೇಳಿಸಿ ನಡುವೆ ಬೇರೊಂದನ್ನು ಸೇರಿಸಿದರೆ, ಕೇಳುವವರ ಗಮನ ಬೇರೆಡೆ ಇದ್ದರೂ ಮಿದುಳಿನ ವಿದ್ಯುತ್ ಅಲೆಯಲ್ಲಿ ಸುಮಾರು ಕಾಲು ಸೆಕೆಂಡಿನೊಳಗೆ ವಿಶೇಷ ಇಳಿತವೊಂದು ಕಾಣುತ್ತದೆ ಎಂದು ಅವರ ತಂಡ 1978ರಲ್ಲಿ ವರದಿ ಮಾಡಿತು. ಮಿದುಳು ಮುಂದಿನ ಸದ್ದು ಹೇಗಿರಬೇಕೆಂದು ಮೊದಲೇ ಊಹಿಸಿಟ್ಟಿರುತ್ತದೆ, ಊಹೆ ತಪ್ಪಿದಾಗ ಎದ್ದು ಕೂರುತ್ತದೆ. ಹಸುಗೂಸಿನ ಮಿದುಳೂ ನಿದ್ದೆಯಲ್ಲೇ ಈ ಲೆಕ್ಕ ಹಾಕುತ್ತದೆ.

ಎಂಜಿನಿಯರುಗಳು ನರಮಂಡಲದಿಂದ ಕಲಿತದ್ದೂ ಮುಖ್ಯವಾಗಿ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನಷ್ಟೇ ಆಯುವ ಈ ಗುಣವನ್ನೇ. ಮೊಬೈಲಿನಲ್ಲಿ ಬರುವ ಯಕ್ಷಗಾನ ಪದ್ಯದ ಎಂಪಿ3 ಕಡತವನ್ನೇ ನೋಡಿ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಬೇಕಾದ ಸಂಗೀತ ಎಂಪಿ3ಯಲ್ಲಿ 128 ಕಿಲೋಬಿಟ್ಟಿಗೆ ಇಳಿಯಬಲ್ಲದು. ಜೋರಾದ ಒಂದು ಸದ್ದು ಅದರ ಆಚೀಚಿನ ಸ್ಥಾಯಿಯ ಮೆಲುದನಿಗಳನ್ನು ಕಿವಿಯಲ್ಲೇ ಮುಚ್ಚಿಹಾಕುತ್ತದೆ. ಚೆಂಡೆಯ ಪೆಟ್ಟಿನ ಕ್ಷಣದಲ್ಲಿ ನಮಗೆ ಹೇಗೂ ಕೇಳದ ಅಂಶಗಳನ್ನು ಕಡತ ಮಾಡುವಾಗಲೇ ಬಿಟ್ಟುಬಿಡುತ್ತಾರೆ.

ಕಣ್ಣಿನ ಪಾಠ ಕ್ಯಾಮೆರಾಕ್ಕೆ ಬಂತು. ಸಾಮಾನ್ಯ ಕ್ಯಾಮೆರಾ ಏನೂ ಬದಲಾಗದಿದ್ದರೂ ಸೆಕೆಂಡಿಗೆ ಇಪ್ಪತ್ತೈದೋ ಮೂವತ್ತೋ ಚಿತ್ರ ತೆಗೆಯುತ್ತಲೇ ಇರುತ್ತದೆ. ಅಕ್ಷಿಪಟಲವನ್ನು ಅನುಸರಿಸಿದ 'ಈವೆಂಟ್ ಕ್ಯಾಮೆರಾ'ದಲ್ಲಿ ಪ್ರತಿ ಬಿಂದುವೂ ತನ್ನ ಮೇಲೆ ಬಿದ್ದ ಬೆಳಕು ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ನಾಯರ್, ಚೇತನ್ ಸಿಂಗ್ ಠಾಕೂರ್ ಮತ್ತು ಸಂಗಡಿಗರು ಇಂಥ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ಕಲಿಯುವ ಗಣಕ ಕ್ರಮವಿಧಿಯ ನೆರವಿನಿಂದ 50 ನ್ಯಾನೊಮೀಟರಿಗಿಂತ ಕಿರಿದಾದ ಕಣಗಳ ನೆಲೆಯನ್ನು ಗುರುತಿಸಿದರು. 2023ರಲ್ಲಿ 'ನೇಚರ್ ನ್ಯಾನೊಟೆಕ್ನಾಲಜಿ' ಪತ್ರಿಕೆ ಅದನ್ನು ಪ್ರಕಟಿಸಿತು.

ಸುರುಳಿಯೊಳಗಿನ ಸ್ವರಗಳು

ಈಗ ಕಿವಿಯೊಳಗೆ ಹೋಗೋಣ. ಕಿವಿತಮಟೆಗೆ ಬಡಿದ ಗಾಳಿಯ ಕಂಪನ ಮೂರು ಪುಟ್ಟ ಎಲುಬುಗಳ ಮೂಲಕ ಕಾಕ್ಲಿಯಾ ಎಂಬ ದ್ರವ ತುಂಬಿದ ಸುರುಳಿಗೆ ಇಳಿಯುತ್ತದೆ. ಎರಡೂವರೆ ಸುತ್ತಿನ ಈ ಸುರುಳಿಯನ್ನು ಬಿಡಿಸಿದರೆ ಉದ್ದ ಸುಮಾರು 35 ಮಿಲಿಮೀಟರ್. ಹಾರ್ಮೋನಿಯಂನ ಮನೆಗಳನ್ನೆಲ್ಲ ಸಾಲಾಗಿ ಸುತ್ತಿ ಇಟ್ಟಂತೆ ಅದರ ರಚನೆ. ಬುಡದಲ್ಲಿ ತಾರಸ್ವರಗಳಿಗೆ ಕಂಪಿಸುವ ಜಾಗ, ತುದಿಯ ಕಡೆಗೆ ಮಂದ್ರದ ಜಾಗ. ಕಂಪನದ ಅಲೆ ತನ್ನ ಸ್ಥಾಯಿಗೆ ತಕ್ಕ ಜಾಗದಲ್ಲಿ ಉಬ್ಬಿ ನಿಲ್ಲುತ್ತದೆ ಎಂದು ತೋರಿಸಿದ ಗ್ಯೋರ್ಗ್ ಫಾನ್ ಬೆಕೆಷಿ 1961ರ ನೊಬೆಲ್ ಪಡೆದರು.

ಆ ಜಾಗದಲ್ಲಿ ನಿಂತಿರುವುದು ಕೂದಲು ಕೋಶಗಳು. ಒಂದೊಂದು ಕಿವಿಯಲ್ಲಿ ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಒಳಸಾಲಿನವು ಕಂಪನವನ್ನು ನರದ ಮಿಡಿತಕ್ಕೆ ಬದಲಿಸುತ್ತವೆ. ಹೊರಸಾಲಿನವು ತಾವೇ ಕುಗ್ಗಿ ಹಿಗ್ಗಿ ಸಣ್ಣ ಸದ್ದುಗಳನ್ನು ಹಿಗ್ಗಿಸಿ ಕೊಡುತ್ತವೆ. ಮನುಷ್ಯರಲ್ಲಿ ಸತ್ತ ಕೂದಲು ಕೋಶ ಮರುಹುಟ್ಟುವುದಿಲ್ಲ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಪಕ್ಕ ವರ್ಷಗಟ್ಟಲೆ ಕೂತವರಿಗೆ, ಚೆಂಡೆ ಬಾರಿಸುವವರಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ದಾಟಿದ ಸದ್ದು ಈ ಕೋಶಗಳನ್ನು ಸವೆಸುತ್ತದೆ, ಮೊದಲು ಹೋಗುವುದು ಹೆಚ್ಚಿನ ಸ್ಥಾಯಿ ಹಿಡಿಯುವ ಬುಡದ ಕೋಶಗಳು. ಸ, ಶ, ತ, ಪ ಮುಂತಾದ ವ್ಯಂಜನಗಳ ಗುರುತು ಇರುವುದು ಆ ಸ್ಥಾಯಿಗಳಲ್ಲಿ. "ಸ್ವರ ಕೇಂತ್, ಮಾತ್ ಗೊತ್ತಾತಿಲ್ಲೆ" ಎಂದು ವಯಸ್ಸಾದವರು ಹೇಳುವುದರ ಹಿಂದಿನ ಕಾರಣ ಇದು.

ಕಿವಿಯಿಂದ ಹೊರಟ ಸುಮಾರು 30,000 ತಂತುಗಳು ಮಿದುಳಿನ ಕಾಂಡಕ್ಕೆ ಸೇರಿದ ಕೂಡಲೇ ಲೆಕ್ಕಾಚಾರ ಶುರು. ಕತ್ತಲಲ್ಲಿ ದಂಡೆಯಲ್ಲಿ ನಿಂತವರಿಗೆ ದೋಣಿ ಕೊಡೇರಿ ಕಡೆಯಿಂದ ಬರುತ್ತಿದೆಯೋ ಬೈಂದೂರಿನ ಕಡೆಯಿಂದಲೋ ಎಂದು ತಿಳಿಯುವುದು, ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುವುದರಿಂದ. ಆ ಅಂತರ ಹೆಚ್ಚೆಂದರೆ ಸೆಕೆಂಡಿನ ಹತ್ತುಸಾವಿರದಲ್ಲಿ ಆರೇಳು ಭಾಗ. ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗದಷ್ಟು ಅಂತರವನ್ನೂ ನಮ್ಮ ಮಿದುಳು ಗುರುತಿಸಬಲ್ಲದು. ಎರಡೂ ಕಿವಿಯ ತಂತುಗಳು ಬಂದು ಕೂಡುವ ಜಾಗವೇ ಅದಕ್ಕಾಗಿ ಮಿದುಳಿನ ಕಾಂಡದಲ್ಲಿದೆ. ಗಡಿಬಿಡಿಯ ಸಂತೆಯಲ್ಲಿ ಒಬ್ಬರ ಮಾತನ್ನು ಮಾತ್ರ ಹಿಡಿಯಲು ನೆರವಾಗುವುದೂ ಇದೇ ಲೆಕ್ಕ.

ಮೊದಲ ವರ್ಷಗಳ ಕೆಲಸ

ಇಷ್ಟೆಲ್ಲ ವ್ಯವಸ್ಥೆ ಹುಟ್ಟುವಾಗಲೇ ಪೂರ್ತಿ ಸಿದ್ಧವಾಗಿ ಬರುವುದಿಲ್ಲ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಕಿವಿ ಕೇಳುತ್ತದೆ, ಹುಟ್ಟಿದ ಮೂರು ದಿನದೊಳಗೆ ಅದು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಬಲ್ಲದು. ಆದರೆ ಯಾವ ಸದ್ದು ಮುಖ್ಯ, ಯಾವುದನ್ನು ಬಿಡಬಹುದು ಎಂಬುದನ್ನು ಮಿದುಳು ಕೇಳುತ್ತ ಕೇಳುತ್ತ ಕಲಿಯಬೇಕು.

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಭಾಷೆಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಹಿಂದಿಯ 'ತ' ಮತ್ತು 'ಟ' ಸದ್ದುಗಳನ್ನು ಇಂಗ್ಲಿಷ್ ಮಾತಾಡುವ ಮನೆಗಳ ಮಕ್ಕಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಬಹುಪಾಲು ಮಕ್ಕಳು ಎರಡನ್ನೂ ಬೇರೆ ಬೇರೆಯೆಂದು ಗುರುತಿಸಿದರು. ಹತ್ತರಿಂದ ಹನ್ನೆರಡು ತಿಂಗಳಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಆಗಲಿಲ್ಲ. ಹಿಂದಿ ಮನೆಯ ಮಕ್ಕಳಿಗೆ ಆ ವಯಸ್ಸಿನಲ್ಲೂ ವ್ಯತ್ಯಾಸ ತಿಳಿಯಿತು. ಒಂದು ವರ್ಷ ತುಂಬುವುದರೊಳಗೆ, ಮೊದಲ ಮಾತು ಆಡುವ ಮೊದಲೇ, ಮಿದುಳು ತನ್ನ ಸುತ್ತಲಿನ ಭಾಷೆಗೆ ಒಗ್ಗಿಕೊಂಡಿರುತ್ತದೆ. ಆ ವರ್ಷವೆಲ್ಲ ಸದ್ದೇ ಬಾರದಿದ್ದರೆ ಆ ಕೆಲಸ ಆರಂಭವೇ ಆಗುವುದಿಲ್ಲ.

ಕೊಲೊರಾಡೊ ವಿಶ್ವವಿದ್ಯಾಲಯದ ಅನು ಶರ್ಮ ಅವರ ಸಂಶೋಧನೆ ಇದಕ್ಕೆ ವಯಸ್ಸಿನ ಅಳತೆ ಕೊಟ್ಟಿತು. ಸದ್ದು ಕೇಳಿದಾಗ ಮಿದುಳಿನ ಶ್ರವಣ ಭಾಗದಲ್ಲಿ ಏಳುವ ಮೊದಲ ಅಲೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು, ಹುಟ್ಟಿನಿಂದ ಕಿವಿ ಕೇಳದೆ ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣ ನರವನ್ನು ವಿದ್ಯುತ್ತಿನಿಂದ ಮಿಡಿಸುವ ಸಾಧನ) ಪಡೆದ ಮಕ್ಕಳಲ್ಲಿ ಅವರ ತಂಡ ಅಳೆಯಿತು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಲ್ಲಿ ಆ ಅಲೆ ಕೆಲವೇ ತಿಂಗಳಲ್ಲಿ ವಯಸ್ಸಿಗೆ ತಕ್ಕ ಮಟ್ಟಕ್ಕೆ ಬಂತು. ಏಳು ವರ್ಷ ದಾಟಿದವರಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ಕೆಲಸವಿಲ್ಲದೆ ಉಳಿದ ಮಿದುಳಿನ ಜಾಗವನ್ನು ನೋಟವೂ ಸ್ಪರ್ಶವೂ ತಮ್ಮದಾಗಿಸಿಕೊಳ್ಳತೊಡಗುತ್ತವೆ. ತಡವಾದರೆ ಏನೂ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ. ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ, ಹುಟ್ಟು ಕಣ್ಣಿನ ಪೊರೆ ತೆಗೆಸಿಕೊಂಡ ಉತ್ತರ ಭಾರತದ ದೊಡ್ಡ ಮಕ್ಕಳೂ ತಿಂಗಳುಗಟ್ಟಲೆ ಅಭ್ಯಾಸದಲ್ಲಿ ನೋಡಲು ಎಷ್ಟೋ ಕಲಿತರು. ಆದರೆ ಮಾತಿನ ಮಟ್ಟಿಗೆ ಮೊದಲ ವರ್ಷಗಳಲ್ಲಿ ಸಲೀಸಾಗಿ ಆಗುವುದು ಆಮೇಲೆ ಬಹಳ ಕಷ್ಟದಿಂದ, ಅರೆಬರೆ ಆಗುತ್ತದೆ.

ಕಿವಿಯೇ ಕೊಡುವ ಉತ್ತರ

ಮಾತಾಡದ, ಹೇಳಿದ್ದು ತಿಳಿಯದ ಹಸುಗೂಸಿನ ಶ್ರವಣವನ್ನು ಅಳೆಯುವುದು ಹೇಗೆ? 1978ರಲ್ಲಿ ಬ್ರಿಟನ್ನಿನ ಡೇವಿಡ್ ಕೆಂಪ್ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಆರೋಗ್ಯವಾಗಿರುವ ಕಿವಿಗೆ ಸದ್ದು ಕಳಿಸಿದರೆ ಕಿವಿ ತಾನೂ ಒಂದು ಅತಿ ಸಣ್ಣ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹೊರಸಾಲಿನ ಕೂದಲು ಕೋಶಗಳ ಕುಗ್ಗು-ಹಿಗ್ಗಿನ ಫಲ ಅದು. ನವಜಾತ ಶಿಶುಗಳ ಓಎಇ ಪರೀಕ್ಷೆ ಇದನ್ನೇ ಬಳಸುತ್ತದೆ. ಹಾಲು ಕುಡಿದು ಮಲಗಿದ ಮಗುವಿನ ಕಿವಿಯ ತೂತಿಗೆ ಮೆತ್ತನೆಯ ರಬ್ಬರ್ ತುದಿಯೊಂದನ್ನು ಇಡುತ್ತಾರೆ. ಅದರಲ್ಲಿ ಪುಟ್ಟ ಸ್ಪೀಕರೂ ಮೈಕೂ ಇರುತ್ತವೆ. ಸೂಜಿಯಿಲ್ಲ, ಔಷಧಿಯಿಲ್ಲ, ಮಗುವಿಗೆ ಎಚ್ಚರವೂ ಆಗುವುದಿಲ್ಲ. ಕೆಲವು ನಿಮಿಷಗಳಲ್ಲಿ ಪರದೆಯ ಮೇಲೆ 'ಪಾಸ್' ಅಥವಾ 'ರೆಫರ್' ಎಂದು ಬರುತ್ತದೆ. 'ರೆಫರ್' ಎಂದರೆ ಕಿವುಡೆಂದು ತೀರ್ಪಲ್ಲ. ಹುಟ್ಟಿದ ಹೊಸತರಲ್ಲಿ ಕಿವಿಯಲ್ಲಿ ಉಳಿದ ದ್ರವದಿಂದಲೂ ಹಾಗೆ ಬರಬಹುದು. ಮತ್ತೆ ಪರೀಕ್ಷಿಸಬೇಕು ಎಂದಷ್ಟೇ ಅದರ ಅರ್ಥ. ಆ ಎರಡನೆಯ ಪರೀಕ್ಷೆಗೆ ಹೋಗದೆ ಉಳಿಯುವುದೇ ದೊಡ್ಡ ತಪ್ಪು.

ಮುಂದಿನದು ಬೇರಾ ಪರೀಕ್ಷೆ. ಮಗುವಿನ ಹಣೆಗೂ ಕಿವಿಯ ಹಿಂದಕ್ಕೂ ಅಂಟಿಸಿದ ವಿದ್ಯುದ್ವಾರಗಳ ಮೂಲಕ, ಸದ್ದು ಕಿವಿಗೆ ಬಿದ್ದ ಹತ್ತು ಮಿಲಿಸೆಕೆಂಡಿನೊಳಗೆ ಶ್ರವಣ ನರದಿಂದ ಮಿದುಳಿನ ಕಾಂಡದವರೆಗೆ ಏಳುವ ಐದು ಸಣ್ಣ ಅಲೆಗಳನ್ನು ಅದು ದಾಖಲಿಸುತ್ತದೆ. ಅಲೆ ಎಲ್ಲಿ ನಿಂತಿತು ಎಂಬುದು ತೊಂದರೆ ಎಲ್ಲಿದೆ ಎಂದು ಹೇಳುತ್ತದೆ. ಕೆಲವು ಮಕ್ಕಳಲ್ಲಿ ಕೂದಲು ಕೋಶಗಳು ಸರಿಯಿದ್ದು ನರದ ಮಿಡಿತಗಳ ಲಯ ಕೆಟ್ಟಿರುತ್ತದೆ. ಅಂಥ ಮಗು ಓಎಇಯಲ್ಲಿ ಪಾಸಾದರೂ ಬೇರಾದಲ್ಲಿ ಸಿಕ್ಕಿಬೀಳುತ್ತದೆ. ತಿಂಗಳು ತುಂಬದೆ ಹುಟ್ಟಿ, ತೀವ್ರ ಕಾಮಾಲೆಯಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ (ಎನ್‌ಐಸಿಯು) ಮಕ್ಕಳಿಗೆ ಬೇರಾ ಮಾಡಿಸಲೇಬೇಕು ಎನ್ನುವುದು ಇದಕ್ಕಾಗಿ.

ಇಪ್ಪತ್ತೆರಡು ವಿದ್ಯುದ್ವಾರ, ಒಂದು ಮಿದುಳು

ಕೂದಲು ಕೋಶಗಳೇ ಇಲ್ಲದ ಕಿವಿಗೆ ಶ್ರವಣಸಾಧನ ಸದ್ದು ಹೆಚ್ಚಿಸಿದರೂ ಹಿಡಿಯುವವರಿಲ್ಲ. ಅಲ್ಲಿ ವೋಲ್ಟಾನ ದಾರಿಯೇ ಬೇಕು. 1957ರಲ್ಲಿ ಪ್ಯಾರಿಸ್ಸಿನಲ್ಲಿ ಶ್ರವಣ ನರಕ್ಕೆ ಮೊದಲ ವಿದ್ಯುದ್ವಾರ ಇಟ್ಟರು. ಹಲವು ವಿದ್ಯುದ್ವಾರಗಳ ಇಂಪ್ಲಾಂಟ್ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆಗೆ ಕಿವಿ ಮಂದವಾಗಿತ್ತು, ಆ ಕಷ್ಟ ನೋಡಿಕೊಂಡೇ ಅವರು ಬೆಳೆದಿದ್ದರು. ವಿದ್ಯುದ್ವಾರಗಳ ಸರವನ್ನು ಕಾಕ್ಲಿಯಾದ ಸುತ್ತುಗಳೊಳಗೆ ಗಾಯ ಮಾಡದೆ ತೂರಿಸುವುದು ಹೇಗೆಂದು ಅವರಿಗೆ ಹೊಳೆದದ್ದು 1977ರಲ್ಲಿ, ಕಡಲ ದಂಡೆಯಲ್ಲಿ. ಕೈಗೆ ಸಿಕ್ಕ ಸುರುಳಿ ಚಿಪ್ಪೊಂದಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರು. ಬುಡ ಗಟ್ಟಿಯಾಗಿ ತುದಿ ಮೆತ್ತಗಿದ್ದ ಎಸಳು ಸುರುಳಿಯೊಳಗೆ ಸುತ್ತಿಕೊಳ್ಳುತ್ತ ಒಳಗೆ ಹೋಯಿತು. ವಿದ್ಯುದ್ವಾರಗಳ ಸರವನ್ನೂ ಹಾಗೆಯೇ ಮಾಡಿದರು. 1978ರಲ್ಲಿ ಮೆಲ್ಬೋರ್ನ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಈಗ ಜಗತ್ತಿನಲ್ಲಿ ಅಳವಡಿಸಿದ ಇಂಪ್ಲಾಂಟುಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ.

ಕಿವಿಯ ಹಿಂದೆ ತೊಡುವ ಪ್ರೊಸೆಸರ್ ಸದ್ದನ್ನು ಸ್ಥಾಯಿಗಳಾಗಿ ಬೇರ್ಪಡಿಸುತ್ತದೆ. ಅಯಸ್ಕಾಂತದಿಂದ ತಲೆಗೆ ಅಂಟಿದ ಸುರುಳಿಯೊಂದು ಚರ್ಮದಾಚೆಗೆ ರೇಡಿಯೊ ತರಂಗದಲ್ಲಿ ಅದನ್ನು ದಾಟಿಸುತ್ತದೆ. ಒಳಗಿನ ಸರದಲ್ಲಿರುವುದು ಹನ್ನೆರಡರಿಂದ ಇಪ್ಪತ್ತೆರಡು ವಿದ್ಯುದ್ವಾರ. 3,500 ಕೋಶಗಳ ಕೆಲಸವನ್ನು ಅಷ್ಟರಲ್ಲಿ ಮಾಡಬೇಕು. ಎಲ್ಲವೂ ಒಟ್ಟಿಗೆ ಮಿಡಿದರೆ ವಿದ್ಯುತ್ತು ಒಂದರೊಳಗೊಂದು ಕಲೆಸಿಹೋಗುತ್ತದೆ. ಒಂದಾದ ಮೇಲೊಂದರಂತೆ ಅತಿ ವೇಗವಾಗಿ ಮಿಡಿಸುವ ಕ್ರಮವನ್ನು ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ತೋರಿಸಿದ ಮೇಲೆ, ತುಟಿ ನೋಡದೆಯೂ ಮಾತು ತಿಳಿಯುವವರ ಸಂಖ್ಯೆ ಬಹಳ ಹೆಚ್ಚಿತು. ಇಂಪ್ಲಾಂಟ್ ಹಾಕಿಕೊಂಡವರಿಗೆ ತಾಳ ಚೆನ್ನಾಗಿ ಸಿಗುತ್ತದೆ, ರಾಗದ ಏರಿಳಿತ ಕಷ್ಟ. ಚೆಂಡೆ-ಮದ್ದಳೆಯ ನಡೆ ಹಿಡಿದರೂ ಭಾಗವತರ ಆಲಾಪ ಅವರಿಗೆ ಪೂರ್ತಿ ದಕ್ಕುವುದಿಲ್ಲ.

ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡು ಇಂಪ್ಲಾಂಟ್ ಪಡೆದವರಲ್ಲಿ ಬಹಳ ಮಂದಿ, ಯಂತ್ರ ಚಾಲೂ ಮಾಡಿದ ದಿನ ಕೇಳಿದ್ದು ಬರೀ ಕೀಚು ಸದ್ದು, ಯಂತ್ರದ ದನಿ ಎನ್ನುತ್ತಾರೆ. ಕೆಲವು ತಿಂಗಳಲ್ಲಿ ಅದೇ ಸದ್ದು ಹೆಂಡತಿಯ, ಮಗನ ಮಾತಾಗಿ ತಿಳಿಯತೊಡಗುತ್ತದೆ. ಹಳೆಯ ನೆನಪಿಗೆ ಹೊಸ ಮಿಡಿತಗಳನ್ನು ಹೊಂದಿಸಿಕೊಳ್ಳುವ ಆ ಕೆಲಸ ಮಿದುಳಿನದು. ಎಂದೂ ಕೇಳಿರದ ಮಗುವಿಗೆ ಹೊಂದಿಸಲು ಹಳೆಯ ನೆನಪೇ ಇಲ್ಲ. ಅದಕ್ಕೇ ಆಪರೇಷನ್ನಿನ ಮೇಲೆ ವರ್ಷಗಟ್ಟಲೆ ತರಬೇತಿ ಬೇಕು.

ಆ ತರಬೇತಿಯ ದಿನ ಆರಂಭವಾಗುವುದು ಆರು ಸದ್ದುಗಳಿಂದ: ಮ್, ಊ, ಆ, ಈ, ಶ್, ಸ್. ತಾಯಿ ಬಾಯಿ ಕಾಣದಂತೆ ಮಗುವಿನ ಪಕ್ಕದಲ್ಲೋ ಹಿಂದೆಯೋ ಕೂತು ಒಂದೊಂದನ್ನೇ ಹೇಳುತ್ತಾಳೆ. ಕೇಳಿದರೆ ಮಗು ಕೈಯಲ್ಲಿದ್ದ ಆಟದ ಬಿಲ್ಲೆಯನ್ನು ಡಬ್ಬಕ್ಕೆ ಹಾಕಬೇಕು. 'ಮ್' ಅತಿ ಕೆಳಗಿನ ಸ್ಥಾಯಿ, 'ಸ್' ಅತಿ ಮೇಲಿನದು, ಮಾತಿನ ಸ್ಥಾಯಿಗಳೆಲ್ಲ ಈ ಆರರೊಳಗೆ ಬರುತ್ತವೆ. ಮಗು 'ಈ' ಎಂಬುದನ್ನು 'ಊ' ಎಂದು ತಿಳಿದರೆ ಮೇಲಿನ ಸ್ಥಾಯಿ ತಲುಪುತ್ತಿಲ್ಲ ಎಂದೇ ಅರ್ಥ, ಯಾಕೆಂದರೆ ಎರಡಕ್ಕೂ ಕೆಳಗಿನ ಅಂಶ ಒಂದೇ ಬಗೆಯದು. ಒಂದು ದಿನ 'ಸ್' ಕೇಳಲಿಲ್ಲವೆಂದರೆ ಬ್ಯಾಟರಿಯೋ ಮೈಕೋ ನೋಡಬೇಕು. ಕರಾವಳಿಯ ಮಳೆಗಾಲದಲ್ಲಿ ಇನ್ನೂ ಒಂದು ಕೆಲಸವಿದೆ. ತೇವ ಮತ್ತು ಬೆವರು ಪ್ರೊಸೆಸರಿನ ಶತ್ರು, ರಾತ್ರಿಯಿಡೀ ಅದನ್ನು ತೇವ ಹೀರುವ ಹರಳಿನ ಡಬ್ಬದಲ್ಲಿ ಮುಚ್ಚಿಡಬೇಕು.

ನಮ್ಮಲ್ಲಿ ಏನಿದೆ, ಏನು ಆಗಬೇಕು

ಈ ವಿದ್ಯೆಗೆ ಕರ್ನಾಟಕದಲ್ಲಿ ಹಳೆಯ ನೆಲೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಶ್ರವಣತಜ್ಞರನ್ನು ತಯಾರಿಸುವುದರ ಜೊತೆಗೆ, ಕನ್ನಡದ ಕಿವಿಯನ್ನು ಕನ್ನಡದ ಪದಗಳಿಂದಲೇ ಅಳೆಯುವ ಪದಪಟ್ಟಿಗಳು ಅಲ್ಲಿ ರೂಪುಗೊಂಡಿವೆ. ಕಿವಿ ಕೇಳದ ಪುಟ್ಟ ಮಕ್ಕಳಿಗೆ ತಾಯಂದಿರ ಜೊತೆಯಲ್ಲೇ ಶಾಲಾಪೂರ್ವ ತರಬೇತಿ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಮಣಿಪಾಲ, ಮಂಗಳೂರುಗಳಲ್ಲಿ ವಾಕ್ ಮತ್ತು ಶ್ರವಣ ವಿಭಾಗಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟು ಕಿವುಡನ್ನು ತನ್ನ ತಪಾಸಣೆಯ ಪಟ್ಟಿಯಲ್ಲಿಟ್ಟಿದೆ. ಹಲವು ಲಕ್ಷ ರೂಪಾಯಿಯ ಇಂಪ್ಲಾಂಟನ್ನು ಅರ್ಹ ಮಕ್ಕಳಿಗೆ ಸರ್ಕಾರಿ ಯೋಜನೆಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಯೋಜನೆ ಇರುವುದು ಬೇರೆ, ಅದು ಹೊತ್ತಿಗೆ ಸರಿಯಾಗಿ ಮಗುವಿಗೆ ಮುಟ್ಟುವುದು ಬೇರೆ. ತಜ್ಞರು ಒಪ್ಪಿಕೊಂಡ ಗಡುವು ಮೂರು ಅಂಕಿಗಳದು: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ. ಬೈಂದೂರು ತಾಲ್ಲೂಕಿನ ಒಳಹಳ್ಳಿಯೊಂದರಿಂದ ವಾರಕ್ಕೊಮ್ಮೆ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಬರುವುದೆಂದರೆ ಕೂಲಿಗೆ ಹೋಗುವ ತಾಯಿಗೆ ಒಂದು ದಿನದ ದುಡಿಮೆ ಹೋದಂತೆ. ತರಬೇತಿ ತಾಲ್ಲೂಕು ಆಸ್ಪತ್ರೆಯ ಮಟ್ಟಕ್ಕೆ ಬರಬೇಕು, ಫೋನಿನ ಮೂಲಕ ಕೊಡುವ ತರಬೇತಿಯೂ ಹೆಚ್ಚಬೇಕು. ಬ್ಯಾಟರಿ, ತಂತಿ, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದ ಪ್ರೊಸೆಸರು, ಇವುಗಳ ಖರ್ಚಿಗೂ ದಾರಿ ಬೇಕು. ಇಲ್ಲವಾದರೆ ಉಚಿತವಾಗಿ ಸಿಕ್ಕ ಯಂತ್ರ ಕಪಾಟು ಸೇರುತ್ತದೆ, ಮಗುವಿನ ಮಿದುಳು ಮತ್ತೆ ನಿಶ್ಶಬ್ದಕ್ಕೆ ಮರಳುತ್ತದೆ.

ಇಂಪ್ಲಾಂಟ್ ಎಲ್ಲರಿಗೂ ಹೊಂದುವುದಿಲ್ಲ, ಎಲ್ಲರೂ ಬಯಸುವುದೂ ಇಲ್ಲ. ಮಿದುಳಿಗೆ ಹೊತ್ತಿಗೆ ಸರಿಯಾಗಿ ಬೇಕಾದದ್ದು ಭಾಷೆ. ಹುಟ್ಟಿನಿಂದ ಸಂಜ್ಞಾಭಾಷೆ ನೋಡಿ ಬೆಳೆದ ಮಗುವಿನ ಮಿದುಳಿನಲ್ಲಿ ಅದೇ ಭಾಷೆಯ ಕೇಂದ್ರಗಳು ಅಷ್ಟೇ ಚೆನ್ನಾಗಿ ಬೆಳೆಯುತ್ತವೆ. ಕಿವಿಯ ದಾರಿಯೂ ಇಲ್ಲ, ಕೈಯ ಭಾಷೆಯೂ ಇಲ್ಲ ಎಂಬಂತೆ ಮೂರು ವರ್ಷ ಕಾಯಿಸುವುದೇ ಅನ್ಯಾಯ.

ಮನೆಯವರು ಗಮನಿಸಬೇಕಾದದ್ದು ಕಷ್ಟದ್ದೇನಲ್ಲ. ಮೂರು ತಿಂಗಳ ಮಗು ತಾಯಿಯ ದನಿಗೆ ಸುಮ್ಮನಾಗಬೇಕು, ಆರು ತಿಂಗಳಿಗೆ ಸದ್ದು ಬಂದ ಕಡೆ ಕತ್ತು ತಿರುಗಿಸಬೇಕು, ವರ್ಷಕ್ಕೆ ಹೆಸರು ಕರೆದರೆ ನೋಡಬೇಕು. ಮೊದಲ ತಿಂಗಳುಗಳಲ್ಲಿ 'ಆ... ಊ...' ಎಂದಿತು, ಹಾಗಾಗಿ ಕಿವಿ ಸರಿಯಿದೆ ಎಂದು ತಿಳಿಯಬಾರದು. ಕಿವಿ ಕೇಳದ ಮಕ್ಕಳೂ ಹಾಗೆ ದನಿ ಮಾಡುತ್ತಾರೆ, 'ಬಬಬ, ದದದ' ಎನ್ನುವ ಹಂತದಲ್ಲಿ ಹಿಂದುಳಿಯುತ್ತಾರೆ. ಸೋದರ ಸಂಬಂಧದ ಮದುವೆಯಾದ ಮನೆಗಳು, ಕುಟುಂಬದಲ್ಲಿ ಕಿವಿ ಕೇಳದವರಿರುವ ಮನೆಗಳು ಇನ್ನೂ ಜಾಗರೂಕವಾಗಿರಬೇಕು.

ಚುಚ್ಚುಮದ್ದಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ನೋಡಿ ಕಾಯುವುದನ್ನು ನಮ್ಮ ಊರುಗಳು ಒಂದೇ ತಲೆಮಾರಿನಲ್ಲಿ ಕಲಿತವು. ಕಿವಿ ಪರೀಕ್ಷೆಯನ್ನೂ ಅದೇ ಸಾಲಿಗೆ ಸೇರಿಸಬಹುದು. ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮೊದಲು ಬಾಣಂತಿಯ ಜೊತೆಗಿದ್ದವರು "ಮಗೀನ್ ಕೆಮಿ ಟೆಸ್ಟ್ ಆಯ್ತಾ?" ಎಂದು ಕೇಳಬೇಕು, ಆಗಿಲ್ಲವೆಂದರೆ ಎಲ್ಲಿ, ಯಾವಾಗ ಮಾಡಿಸಬೇಕೆಂದು ಬರೆಸಿಕೊಳ್ಳಬೇಕು, ಆಶಾ ಕಾರ್ಯಕರ್ತೆ ಮುಂದಿನ ಭೇಟಿಯಲ್ಲಿ ಅದನ್ನೇ ಮತ್ತೆ ವಿಚಾರಿಸಬೇಕು. ನಾಳೆಯ ಯಂತ್ರಗಳು ಇಂದಿನವಕ್ಕಿಂತ ಸಣ್ಣವಾಗಬಹುದು, ಅಗ್ಗವಾಗಬಹುದು, ರಾಗವನ್ನೂ ಕೇಳಿಸಬಹುದು. ಈ ವರ್ಷ ಹುಟ್ಟಿದ ಮಗುವಿನ ಮಿದುಳು ಅವು ಬರುವತನಕ ಕಾಯುವುದಿಲ್ಲ.